ಕರ್ಮಕರನೂ ಕರ್ಮಕಾರನೂ

ಪಾಠಶಾಲೆಯಲ್ಲಿ ವ್ಯಾಕರಣದ ಕೃದಂತ ಪ್ರಕರಣವನ್ನು ಅಭ್ಯಾಸಮಾಡಿದವರಿಗೆ ಒಂದು ಸಣ್ಣ ವಿಧಿಯು ನೆನಪಿನಲ್ಲಿರಬಹುದು. ಕೆಲಸವನ್ನು ಮಾಡುವವನು ಸಾಮಾನ್ಯವಾಗಿ ‘ಕರ್ಮಕಾರ’ನು, ಅವನೇ ಭೃತಿಗಾಗಿ, ಎಂದರೆ ಕೂಲಿಗಾಗಿ, ಕೆಲಸ ಮಾಡುವವನಾದರೆ ‘ಕರ್ಮಕರ’ನು. ಪಾಣಿನಿಯು ಇಷ್ಟನ್ನು ಎರಡೇ ಪದಗಳ ಸೂತ್ರದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ. ನಾವೂ ಬಾಲ್ಯದಲ್ಲಿ ಅದನ್ನು ಕಂಠಪಾಠಮಾಡಿ ಮುಂದಕ್ಕೆ ಹೋದೆವು. ದೀರ್ಘವು ಹ್ರಸ್ವವಾಯಿತು, ಒಂದು ಮಾತ್ರೆ ಕಡಮೆಯಾಯಿತು ಎಂಬುದನ್ನು ಮಾತ್ರ ಗಮನಿಸಿದೆವು. ಕೂಲಿಯನ್ನು ಕೈಯಲ್ಲಿ ಪಡೆದುಕೊಂಡವನು ಆ ಮಾತ್ರೆಯೊಡನೆ ಮತ್ತೇನನ್ನು ಕಳೆದುಕೊಂಡನೆಂದು ಆಗ ಕೇಳಲಿಲ್ಲ.

ಇದರಿಂದ ಪಾಣಿನಿಯು ಕೂಲಿಯವನನ್ನು ಹೀನನೆಂದು ಎಣಿಸಿದನೆಂದು ಯಾರೂ ತಿಳಿಯಬಾರದು. ವ್ಯಾಕರಣವು ಲೋಕದ ಬಳಕೆಯನ್ನು ಹೇಳುತ್ತದೆಯೇ ಹೊರತು ಲೋಕದ ನ್ಯಾಯವನ್ನಲ್ಲ. ಆದರೆ ಬಳಕೆಯೇ ಒಂದು ಸಾಕ್ಷಿ. ಇದಕ್ಕೆ ಇನ್ನೊಂದು ಉದಾಹರಣೆಯನ್ನು ಕಾಶಿಕಾವೃತ್ತಿಯು ಒದಗಿಸುತ್ತದೆ. ಒಂದು ತಿಂಗಳ ಮಟ್ಟಿಗೆ ಗೊತ್ತುಮಾಡಿಕೊಂಡ ಅಧ್ಯಾಪಕನೂ ‘ಮಾಸಿಕ’ನೇ, ಒಂದು ತಿಂಗಳಿಗೆ ಗೊತ್ತುಮಾಡಿಕೊಂಡ ಕೂಲಿಯವನೂ ‘ಮಾಸಿಕ’ನೇ. ರೂಪವು ಒಂದಾದರೂ ಅರ್ಥವು ಎರಡು: ಅಧ್ಯಾಪಕನು ಸತ್ಕಾರಪೂರ್ವಕವಾಗಿ ಪ್ರಾರ್ಥಿಸಲ್ಪಟ್ಟವನು, ಕೂಲಿಯವನು ವೇತನದಿಂದ ಕೊಳ್ಳಲ್ಪಟ್ಟವನು. ತಿಂಗಳ ಸಂಬಳದಿಂದಲೇ ಆಯುಷ್ಯವನ್ನು ಕಳೆದ ಈ ಲೇಖಕನು ಇವರಲ್ಲಿ ಯಾವ ಪಂಕ್ತಿಗೆ ಸೇರಿದವನೆಂಬುದನ್ನು ಮಾತ್ರ ವಾಚಕರು ಕೇಳದಿರುವುದು ಒಳ್ಳೆಯದು.

ಕೂಲಿ ಪಡೆದವನು ಸ್ವತಂತ್ರನು, ಕೂಲಿಯಿಲ್ಲದೆ ದುಡಿದವನು ದಾಸನು ಎಂಬುದು ಸಾಮಾನ್ಯವಾದ ತಿಳಿವಳಿಕೆ. ಪ್ರಾಚೀನರ ವ್ಯವಹಾರವನ್ನು ನೋಡಿದರೆ ಈ ಪೂರ್ವಪಕ್ಷವು ನಿಲ್ಲುವುದೇ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

೧

ಮೊದಲು ಹೊರಗಣ ದೇಶಗಳ ಎರಡು ಮೂರು ನಿದರ್ಶನಗಳನ್ನು ನೋಡೋಣ. ಬಾಬಿಲೋನಿನ ಹಮ್ಮುರಾಬಿ ರಾಜನ ಶಾಸನವು ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದ್ದು. ಅದರಲ್ಲಿ ದಿನಗೂಲಿಯವನಿಗೆ ವರ್ಷದ ಮೊದಲ ೫ ತಿಂಗಳು ದಿನವೊಂದಕ್ಕೆ ೬ ಜವೆಗೋಧಿಕಾಳಿನ ತೂಕದ ಬೆಳ್ಳಿಯನ್ನೂ, ಉಳಿದ ತಿಂಗಳುಗಳಲ್ಲಿ ೫ ಕಾಳಿನ ತೂಕವನ್ನೂ ಕೊಡಬೇಕೆಂದು ವಿಧಿಸಿದೆ. ಹಗಲು ದೀರ್ಘವಾದಾಗ ಕೂಲಿ ಹೆಚ್ಚು. ಇಲ್ಲಿ ದರವನ್ನು ಕಟ್ಟುವವನು ರಾಜನು. ದುಡಿಯುವವನ ಮಾತಿಗೆ ಅವಕಾಶವಿಲ್ಲ. ಆದರೂ ದರವು ಕಲ್ಲಿನ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತಿತ್ತೆಂಬುದು ಸಣ್ಣ ಸಂಗತಿಯಲ್ಲ.

ಐಗುಪ್ತ ದೇಶದಲ್ಲಿ ಅರಸರ ಸಮಾಧಿಗಳನ್ನು ಕೊರೆಯುತ್ತಿದ್ದ ಶಿಲ್ಪಿಗಳು ವಂಶಪಾರಂಪರ್ಯವಾಗಿ ಒಂದೇ ಊರಿನಲ್ಲಿ ನೆಲಸಿ ಧಾನ್ಯರೂಪವಾದ ವೇತನವನ್ನು ಪಡೆಯುತ್ತಿದ್ದರು. ಮೂರನೆಯ ರಾಮ್ಸೇಸನ ಆಳಿಕೆಯ ೨೯ನೆಯ ವರ್ಷದಲ್ಲಿ, ಎಂದರೆ ಸುಮಾರು ಕ್ರಿ. ಪೂ. ೧೧೫೭ರಲ್ಲಿ, ಧಾನ್ಯವು ಬಾರದೆ ೧೮ ದಿನಗಳು ಕಳೆದುವು. ಅವರು ಹತ್ಯಾರುಗಳನ್ನು ಕೆಳಗಿಟ್ಟು, ಕೆಲಸದ ಎಲ್ಲೆಯನ್ನು ದಾಟಿ ಬಂದು, ದೇವಾಲಯವೊಂದರ ಹಿಂದೆ ಕುಳಿತು, ನಾವು ಹಸಿದಿದ್ದೇವೆಂದು ಹೇಳಿದರು. ನಮಗೆ ಬರಹದಲ್ಲಿ ದೊರೆತಿರುವ ಮುಷ್ಕರಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದುದೆಂದು ವಿದ್ವಾಂಸರು ಹೇಳುತ್ತಾರೆ. ಆ ಊರನ್ನು ಬಿಟ್ಟು ಇಷ್ಟಬಂದಲ್ಲಿಗೆ ಹೋಗುವವರು ಅವರಲ್ಲ; ಆದರೆ ತಮಗೆ ಸಲ್ಲಬೇಕಾದುದು ಎಷ್ಟೆಂದು ಅವರಿಗೆ ತಿಳಿದಿತ್ತು. ತಿಳಿದಿದ್ದುದರಿಂದಲೇ ಕೇಳಲು ಬಾಯಿ ಬಂತು.

ಯವನದೇಶದ ಅಥೆನ್ಸಿನಲ್ಲಿ ಎರೆಖ್ಥೆಯಾನ್ ಎಂಬ ದೇವಾಲಯವನ್ನು ಕಟ್ಟಿದಾಗಿನ ಲೆಕ್ಕವು ಕಲ್ಲಿನ ಮೇಲೆ ಉಳಿದು ಬಂದಿದೆ. ಕ್ರಿ. ಪೂ. ೪೦೯ರಿಂದ ಮುಂದಿನ ಕೆಲವು ವರ್ಷಗಳ ಆ ಲೆಕ್ಕದಲ್ಲಿ ಪೌರರು, ಹೊರನಾಡಿನಿಂದ ಬಂದು ನೆಲಸಿದವರು, ದಾಸರು ಎಂಬ ಮೂರು ಬಗೆಯವರೂ ಒಂದೇ ಕಂಬದ ಮೇಲೆ ಕೆಲಸ ಮಾಡುತ್ತಿದ್ದುದು ಕಾಣುತ್ತದೆ. ದಿನಕ್ಕೆ ಒಂದು ದ್ರಖ್ಮೆಯಂತೆ ಕೂಲಿಯೂ ಒಂದೇ. ಭೇದವಿದ್ದುದು ಕೂಲಿಯಲ್ಲಲ್ಲ, ಸಂಜೆಯಲ್ಲಿ. ಪೌರನು ತನ್ನ ದ್ರಖ್ಮೆಯನ್ನು ಮನೆಗೆ ಕೊಂಡೊಯ್ಯುವನು. ದಾಸನ ದ್ರಖ್ಮೆಯ ಮೇಲೆ ಹಕ್ಕು ಒಡೆಯನದು. ಕೂಲಿಯು ಸ್ವಾತಂತ್ರ್ಯದ ಲಕ್ಷಣವೆಂಬ ಪೂರ್ವಪಕ್ಷವು ಇಲ್ಲಿಯೇ ಮುರಿದು ಬೀಳುತ್ತದೆ.

೨

ಇನ್ನು ನಮ್ಮ ದೇಶದ ಶಾಸ್ತ್ರಗಳ ಕಡೆಗೆ ತಿರುಗೋಣ. ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ೧೯೦೯ರಲ್ಲಿ ಮುದ್ರಿತವಾಯಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಅದರ ಮೂರನೆಯ ಅಧಿಕರಣದಲ್ಲಿ ದಾಸರ ಮತ್ತು ಕರ್ಮಕರರ ವಿಚಾರವು ವಿಸ್ತಾರವಾಗಿ ಬಂದಿದೆ. ಕೂಲಿಯ ಮಾತನ್ನು ನೆರೆಹೊರೆಯವರು ಅರಿಯುವಂತೆ ಮೊದಲೇ ಆಡಿರಬೇಕು. ಮೊದಲೇ ಆಡಿರದಿದ್ದರೆ ಉಳುವವನಿಗೆ ಬೆಳೆಯಲ್ಲಿ ೧೦ರಲ್ಲಿ ೧ ಪಾಲು, ದನಕಾಯುವವನಿಗೆ ತುಪ್ಪದಲ್ಲಿ ೧೦ರಲ್ಲಿ ೧ ಪಾಲು, ವ್ಯಾಪಾರಮಾಡುವವನಿಗೆ ಸರಕಿನಲ್ಲಿ ಅಷ್ಟೇ. ಕೂಲಿ ಕೊಡದವನಿಗೆ ದಂಡವುಂಟು. ರೋಗವೋ ವಿಪತ್ತೋ ಬಂದವನು ಕೆಲಸವನ್ನು ಬಿಡಬಹುದು, ಇಲ್ಲವೆ ಇನ್ನೊಬ್ಬನಿಂದ ಮಾಡಿಸಬಹುದು. ಸಂಘವಾಗಿ ಬಂದ ಕೆಲಸಗಾರರಿಗೆ ಒಪ್ಪಿದ ಅವಧಿಯ ಮೇಲೆ ೭ ರಾತ್ರಿಗಳ ಸಡಿಲವುಂಟು. ಆರ್ಯನಾದವನಿಗೆ ದಾಸ್ಯವು ಸಲ್ಲದೆಂದು ಆತನು ಘೋಷಿಸುವುದೂ ಪ್ರಸಿದ್ಧವಾಗಿದೆ. ಆದರೆ ಅದೇ ಸ್ಥಳದಲ್ಲಿ ಮ್ಲೇಚ್ಛರು ತಮ್ಮ ಮಕ್ಕಳನ್ನು ಮಾರಿದರೆ ದೋಷವಿಲ್ಲವೆಂದೂ ಹೇಳಿದ್ದಾನೆ. ನಮ್ಮವರ ಹೆಮ್ಮೆಗಾಗಿ ಒಂದು ವಾಕ್ಯವನ್ನು ಓದಿ ಇನ್ನೊಂದನ್ನು ಬಿಡುವುದು ಪಂಡಿತರ ಲಕ್ಷಣವಲ್ಲ.

ಕನ್ನಡನಾಡಿಗೆ ಇನ್ನೂ ಹತ್ತಿರದ ಗ್ರಂಥವು ಮಿತಾಕ್ಷರೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರ ವರೆಗೆ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ರಚಿಸಿದನು. ಆ ಕಾಲದಲ್ಲಿ ನಮ್ಮ ಬನವಾಸಿ ಪನ್ನಿರ್ಛಾಸಿರವೂ ಕಲ್ಯಾಣದ ಆಳಿಕೆಗೆ ಸೇರಿದ್ದಿತು. ನಾರದನು ಎಣಿಸಿದ ೧೫ ಬಗೆಯ ದಾಸರ ವಿಚಾರವು ಅದರಲ್ಲಿಯೂ ಬಂದಿದೆ: ಮನೆಯಲ್ಲಿ ಹುಟ್ಟಿದವನು, ಕ್ರಯಕ್ಕೆ ಕೊಂಡವನು, ಯುದ್ಧದಲ್ಲಿ ಹಿಡಿದವನು, ಸಾಲಕ್ಕಾಗಿ ಬಂದವನು, ಕ್ಷಾಮದಲ್ಲಿ ಸಾಕಲ್ಪಟ್ಟವನು ಇತ್ಯಾದಿ. ಇವರ ನಡುವೆ ‘ಭಕ್ತದಾಸ’ನೆಂಬವನೊಬ್ಬನಿದ್ದಾನೆ. ಇಲ್ಲಿ ಭಕ್ತವೆಂದರೆ ಭಕ್ತಿಯಲ್ಲ, ಅನ್ನ. ಅನ್ನಕ್ಕಾಗಿಯೇ ದಾಸನಾದವನು ಇವನು. ಇವನ ಬಿಡುಗಡೆಯ ಉಪಾಯವೂ ವಿಚಿತ್ರವಾದುದು: ಒಡೆಯನ ಅನ್ನವನ್ನು ಬಿಟ್ಟ ದಿನವೇ ಇವನು ಬಿಡುಗಡೆ ಹೊಂದುವನು. ಸಾಲದ ದಾಸನು ಬಡ್ಡಿಸಹಿತ ಸಾಲ ತೀರಿಸಿದರೆ, ಬಲಾತ್ಕಾರದಿಂದ ದಾಸನಾದವನು ರಾಜನ ಆಜ್ಞೆಯಿಂದ, ಒಡೆಯನ ಪ್ರಾಣವನ್ನು ಉಳಿಸಿದವನು ಆ ಉಪಕಾರದಿಂದ ಬಿಡುಗಡೆ ಹೊಂದುವರು.

ಬಿಡುಗಡೆಯ ವಿಧಿಯನ್ನು ನಾರದನು ವರ್ಣಿಸುವುದನ್ನು ಓದಿದಾಗ ಈ ಲೇಖಕನ ಕಣ್ಣು ಒಂದಿಲ್ಲೊಂದು ಸಲ ತೇವವಾಗಿದೆ. ದಾಸನು ನೀರು ಹೊರುವ ಕೊಡವನ್ನು ಹೆಗಲ ಮೇಲಿಟ್ಟುಕೊಂಡು ನಿಲ್ಲಬೇಕು. ಒಡೆಯನು ಆ ಕೊಡವನ್ನು ತೆಗೆದುಕೊಂಡು ಒಡೆಯಬೇಕು. ಆಮೇಲೆ ಅಕ್ಷತೆಯೂ ಹೂವೂ ಕೂಡಿದ ನೀರನ್ನು ಅವನ ತಲೆಯ ಮೇಲೆ ಪ್ರೋಕ್ಷಿಸಿ, ನೀನು ದಾಸನಲ್ಲವೆಂದು ಮೂರು ಸಲ ಹೇಳಿ, ಪೂರ್ವಾಭಿಮುಖವಾಗಿ ಕಳುಹಿಸಬೇಕು. ಈ ವಿಧಿಯಲ್ಲಿ ಹಣದ ಮಾತಿಲ್ಲ. ಹೊರೆಯು ಇಳಿಯಬೇಕು, ಹೊರೆಯ ಪಾತ್ರೆಯು ಒಡೆಯಬೇಕು, ಹೋಗುವ ದಿಕ್ಕು ತೆರೆದಿರಬೇಕು. ಸ್ವಾತಂತ್ರ್ಯದ ಲಕ್ಷಣವೇನೆಂದು ಕೇಳಿದರೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ದುರ್ಲಭ.

೩

ಶಾಸ್ತ್ರವು ಹೀಗೆ, ಆಚರಣೆ ಹೇಗಿತ್ತು? ಇದಕ್ಕೆ ನಮ್ಮ ಸೀಮೆಯ ಕಲ್ಲುಗಳೇ ಸಾಕ್ಷಿ ಹೇಳಬೇಕು. ಶಿಕಾರಿಪುರ ಮತ್ತು ಸೊರಬ ತಾಲೂಕುಗಳಲ್ಲಿ ಶಾಸನಗಳು ದಟ್ಟವಾಗಿವೆ. ಬಿ. ಎಲ್. ರೈಸ್ ಸಾಹೇಬರು ೧೯೦೨ ಮತ್ತು ೧೯೦೪ರಲ್ಲಿ ಪ್ರಕಟಿಸಿದ ಶಿವಮೊಗ್ಗೆ ಜಿಲ್ಲೆಯ ಎರಡು ಸಂಪುಟಗಳನ್ನು ತೆರೆದವರಿಗೆ ಇದು ತಿಳಿದೇ ಇದೆ. ಕುಪ್ಪಗಡ್ಡೆಯಿಂದ ಯಾವ ಕಡೆಗೆ ಹೊರಟರೂ ಒಂದು ಕೆರೆಯೋ ಒಂದು ವೀರಗಲ್ಲೋ ಎದುರಾಗದೆ ದಾರಿಯು ಮುಗಿಯುವುದಿಲ್ಲ.

ತಾಳಗುಂದದ ಸ್ತಂಭಶಾಸನವನ್ನು ತೆಗೆದುಕೊಳ್ಳೋಣ. ಐದನೆಯ ಶತಮಾನದ ಆ ಕಾವ್ಯವು ಕದಂಬ ಕಾಕುಸ್ಥವರ್ಮನು ಅಲ್ಲಿಯ ಮಹಾದೇವನ ಆಲಯದ ಬಳಿ ದೊಡ್ಡ ಕೆರೆಯನ್ನು ಕಟ್ಟಿಸಿದನೆಂದು ಹೇಳುತ್ತದೆ. ಕಟ್ಟಿಸಿದ ಅರಸನ ಹೆಸರಿದೆ, ಶಾಸನವನ್ನು ಬರೆಯಿಸಿದ ಶಾಂತಿವರ್ಮನ ಹೆಸರಿದೆ, ರಚಿಸಿದ ಕವಿ ಕುಬ್ಜನ ಹೆಸರಿದೆ. ಮಣ್ಣು ಹೊತ್ತವರ ಹೆಸರಿಲ್ಲ. ಅವರಿಗೆ ಕೂಲಿ ಸಂದಿತೆ, ಅಥವಾ ಬಿಟ್ಟಿಯ ಕೆಲಸವೆ ಎಂಬ ಮಾತೂ ಇಲ್ಲ.

‘ಬಿಟ್ಟಿ’ ಎಂಬ ಶಬ್ದವು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ರಾಜನಿಗಾಗಿ ಪ್ರಜೆಯು ಕೂಲಿಯಿಲ್ಲದೆ ಮಾಡಬೇಕಾದ ನಿರ್ಬಂಧದ ದುಡಿಮೆಯೇ ವಿಷ್ಟಿ. ಸುಮಾರು ಕ್ರಿ. ಶ. ೧೫೦ರಲ್ಲಿ ಸೌರಾಷ್ಟ್ರದ ರುದ್ರದಾಮನು ಸುದರ್ಶನವೆಂಬ ಸರೋವರದ ಒಡೆದ ಕಟ್ಟೆಯನ್ನು ಕರ, ವಿಷ್ಟಿ, ಕಾಣಿಕೆಗಳಿಂದ ಜನರನ್ನು ಪೀಡಿಸದೆ ತನ್ನ ಬೊಕ್ಕಸದ ಹಣದಿಂದಲೇ ಕಟ್ಟಿಸಿದೆನೆಂದು ಜುನಾಗಢದ ಬಂಡೆಯ ಮೇಲೆ ಹೆಮ್ಮೆಯಿಂದ ಬರೆಯಿಸಿದ್ದಾನೆ. ಒಬ್ಬನು ಮಾಡಲಿಲ್ಲವೆಂದು ಹೊಗಳಿಕೊಂಡರೆ ಮಿಕ್ಕವರು ಮಾಡುತ್ತಿದ್ದರೆಂದು ಅರ್ಥಾಪತ್ತಿಯಿಂದ ಸಿದ್ಧವಾಗುತ್ತದೆ. ಇಂದು ನಮ್ಮ ಮಾತಿನಲ್ಲಿ ಬಿಟ್ಟಿಯೆಂದರೆ ಪುಕ್ಕಟೆ. ಬಿಟ್ಟಿ ಊಟ, ಬಿಟ್ಟಿ ಸಲಹೆ ಎಂದು ನಗುತ್ತ ಆಡುತ್ತೇವೆ. ದುಡಿದವನ ಸಂಕಟಕ್ಕಿದ್ದ ಹೆಸರು ಉಂಡವನ ಲಾಭಕ್ಕೆ ಹೆಸರಾಯಿತು. ಭಾಷೆಯು ಯಾರ ಬಾಯಲ್ಲಿ ಬೆಳೆಯಿತೆಂಬುದಕ್ಕೆ ಬೇರೆ ಪ್ರಮಾಣವು ಬೇಡ.

ವೀರಗಲ್ಲುಗಳು ಇನ್ನೊಂದು ಬಗೆಯ ವೇತನವನ್ನು ತೋರಿಸುತ್ತವೆ. ತುರುಗಳನ್ನು ಬಿಡಿಸಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಒಡೆಯನ ಅನ್ನವನ್ನು ಉಂಡವನು ಪ್ರಾಣವನ್ನು ಒಪ್ಪಿಸಿ ಅದನ್ನು ತೀರಿಸಬೇಕೆಂಬ ನೀತಿಯನ್ನು ಜೋಳವಾಳಿ ಎನ್ನುತ್ತಿದ್ದರು. ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದ ಕುವರಲಕ್ಷ್ಮನು ಒಡೆಯನ ಮರಣಾನಂತರ ತನ್ನ ಹೆಂಡತಿ ಮತ್ತು ಲೆಂಕರೊಡನೆ ಪ್ರಾಣಬಿಟ್ಟುದನ್ನು ಹಳೇಬೀಡಿನ ಕಂಬವು ಸಾರುತ್ತದೆ. ಆ ನಿಷ್ಠೆಯನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಮಿತಾಕ್ಷರೆಯ ಭಕ್ತದಾಸನಿಗೆ ಅನ್ನವನ್ನು ಬಿಟ್ಟು ಹೋಗುವ ಒಂದು ಬಾಗಿಲಾದರೂ ಇತ್ತು; ಲೆಂಕನಿಗೆ ಆ ಬಾಗಿಲೂ ಇರಲಿಲ್ಲವೆಂಬುದನ್ನು ಹೇಳದೆ ಬಿಡುವಂತಿಲ್ಲ.

ಅನ್ನವೆಲ್ಲವೂ ಕಟ್ಟುವ ಹಗ್ಗವೇ ಎಂದರೆ ಹಾಗೂ ಅಲ್ಲ. ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದ ೧೧೬೨ರ ಶಾಸನವು ಕಳಚುರಿ ಬಿಜ್ಜಳನ ಕಾಲದ್ದು. ಆ ಮಠವು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಸ್ಥಾನವಾಗಿತ್ತು. ಅಷ್ಟೇ ಅಲ್ಲದೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕರು, ವಾದಕರು, ನಾನಾ ಪಂಥದ ಸಂನ್ಯಾಸಿಗಳು ಎಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಪ್ರತಿಯಾಗಿ ದುಡಿಮೆಯನ್ನು ಕೇಳಿದಂತೆ ಕಾಣುವುದಿಲ್ಲ. ಮಿತಾಕ್ಷರೆಯ ಭಕ್ತದಾಸನೂ ಕೋಡಿಯ ಮಠದ ಪಂಕ್ತಿಯಲ್ಲಿ ಕುಳಿತ ಕುರುಡನೂ ಹೆಚ್ಚುಕಡಮೆ ಒಂದೇ ಶತಮಾನದವರು. ಒಂದೇ ಅನ್ನವು ಒಬ್ಬನನ್ನು ಕಟ್ಟಿತು, ಇನ್ನೊಬ್ಬನನ್ನು ಉಳಿಸಿತು.

ಅದೇ ಕಾಲದ ಶಾಸನಗಳಲ್ಲಿ ತೆಲ್ಲಿಗರ ಐವತ್ತೊಕ್ಕಲು ಮುಂತಾದ ಕಸುಬಿನ ಸಮೂಹಗಳು ಕಾಣಿಸಿಕೊಳ್ಳುತ್ತವೆ. ಗಾಣಕ್ಕೆ ಇಷ್ಟು ಎಣ್ಣೆಯೆಂದು ತಾವೇ ಕೂಡಿ ನಿಶ್ಚಯಿಸಿ ದೇವರ ನಂದಾದೀವಿಗೆಗೆ ಕೊಡುತ್ತಿದ್ದರು. ದಾಸನಿಗೆ ತನ್ನದೆಂಬ ಧನವಿಲ್ಲವೆಂದು ಮನುವು ಹೇಳಿದ್ದಾನೆ, ಧನವಿಲ್ಲದವನಿಗೆ ದಾನವೆಲ್ಲಿಯದು? ಆದುದರಿಂದ ಎಲ್ಲಿ ದುಡಿಯುವವನು ದಾತೃವಾಗಿ ಕಲ್ಲಿನ ಮೇಲೆ ನಿಂತಿದ್ದಾನೆಯೋ ಅಲ್ಲಿ ಅವನನ್ನು ಸ್ವತಂತ್ರನೆಂದು ಎಣಿಸಲು ಅಡ್ಡಿಯಿಲ್ಲ. ದಾನ ಕೊಟ್ಟ ಭೂಮಿಯ ಅಳತೆಯನ್ನೂ ಆ ಕಲ್ಲುಗಳು ಮರೆಯುವುದಿಲ್ಲ. ಬಳ್ಳಿಗಾವಿಯಲ್ಲಿ ೧೦೪೭ರಲ್ಲಿ ಗಂಡಭೇರುಂಡದ ಸ್ತಂಭವು ನಿಂತಿತು. ಭೇರುಂಡ ಗಳೆಯೆಂಬ ಅಳತೆಗೋಲಿನ ಹೆಸರೂ ಅಲ್ಲಿಯ ಶಾಸನದಲ್ಲಿ ಬರುತ್ತದೆ. ಯಾವ ಗಳೆಯಿಂದ ಅಳೆದರೆಂಬುದು ಕೊಟ್ಟವನಿಗೂ ಪಡೆದವನಿಗೂ ಸಮಾನವಾಗಿ ತಿಳಿದಿತ್ತು.

ಬಳ್ಳಿಗಾವಿಯ ಶಿಲ್ಪಿ ದಾಸೋಜನ ಮಾತನ್ನು ಇಲ್ಲಿ ಬಿಡಲಾಗದು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವಾಲಯದಲ್ಲಿ ಈತನೂ ಈತನ ಮಗ ಚಾವಣನೂ ಮದನಿಕೆಗಳನ್ನು ಕಂಡರಿಸಿ, ಅವುಗಳ ಕೆಳಗೆ ತಮ್ಮ ಹೆಸರುಗಳನ್ನು ಬಿರುದುಗಳೊಡನೆ ಕೆತ್ತಿದ್ದಾರೆ. ಊರು ಬಳ್ಳಿಗಾವಿ, ಆಳುವವರು ಚಾಲುಕ್ಯರು. ಕೆಲಸ ಮಾಡಿದ್ದು ಹೊಯ್ಸಳರ ದೇವಾಲಯದಲ್ಲಿ. ಕೈಯಲ್ಲಿ ಉಳಿಯೂ ಕಾಲಿಗೆ ದಾರಿಯೂ ಇದ್ದವನು ಹೀಗೆ ತನ್ನ ಹೆಸರನ್ನು ಉಳಿಸಬಲ್ಲನು. ಯಾಜ್ಞವಲ್ಕ್ಯನ ಪ್ರಕಾರ ಶಿಲ್ಪವನ್ನು ಕಲಿಯುವ ಶಿಷ್ಯನು ವಿದ್ಯೆಯು ಮೊದಲೇ ಕೈಗೂಡಿದರೂ ಒಪ್ಪಿದ ಕಾಲ ಮುಗಿಯುವ ವರೆಗೆ ಗುರುವಿನ ಮನೆಯಲ್ಲಿ ಉಂಡು ದುಡಿಯಬೇಕು; ದುಡಿಮೆಯ ಫಲವು ಗುರುವಿಗೆ. ಅದೂ ಕಟ್ಟೇ. ಆದರೆ ಅವಧಿಯುಳ್ಳ ಕಟ್ಟು, ಆಚೆಗೆ ದಾರಿಯುಂಟು. ಪಾಣಿನಿಯ ಮಾತಿನಲ್ಲಿ ಹೇಳುವುದಾದರೆ ತಾಳಗುಂದದ ಕೆರೆಯನ್ನು ಅಗೆದವನಿಗೆ ಹ್ರಸ್ವವು, ಬೇಲೂರಿನ ದಾಸೋಜನಿಗೆ ದೀರ್ಘವು.

೪

ಹನ್ನೆರಡನೆಯ ಶತಮಾನದ ಶರಣರು ಈ ಭೇದವನ್ನೇ ತೊಡೆಯಲು ಯತ್ನಿಸಿದರು. ಅಲ್ಲಮಪ್ರಭುವು ಬಳ್ಳಿಗಾವಿಯಲ್ಲಿ ಮದ್ದಳೆ ಬಾರಿಸುವವನಾಗಿದ್ದನೆಂದು ಹರಿಹರನ ರಗಳೆಯು ಹೇಳುತ್ತದೆ. ದೇವಾಲಯದ ವಾದಕರ ಪಂಕ್ತಿಯಲ್ಲಿ ನಿಂತಿದ್ದ ಒಬ್ಬನು ಮದ್ದಳೆಯನ್ನು ಕೆಳಗಿಟ್ಟು ಊರನ್ನು ಬಿಟ್ಟು ಹೊರಟನು. ಮುಂದೆ ಕಲ್ಯಾಣದ ಶೂನ್ಯಸಿಂಹಾಸನದಲ್ಲಿ ಕುಳಿತನೆಂದು ಸಂಪ್ರದಾಯವು ನಂಬುತ್ತದೆ. ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದಾಗ ಅದು ನಿತ್ಯಕ್ಕಿಂತ ಹೆಚ್ಚಾಗಿದ್ದುದನ್ನು ಕಂಡು ಹೆಂಡತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆಯು ಎಲ್ಲರಿಗೂ ತಿಳಿದುದೇ. ಇಲ್ಲಿ ಅಳತೆಯ ಪಾತ್ರೆಯು ಒಡೆಯನ ಕೈಯಿಂದ ದುಡಿಯುವವಳ ಕೈಗೆ ಬಂತು. ಎಷ್ಟು ಸಾಕೆಂದು ಹೇಳುವ ಅಧಿಕಾರವು ಅವಳದಾಯಿತು. ಕಾಯಕವೆಂಬ ಶಬ್ದದ ತೇಜಸ್ಸು ಅಲ್ಲಿದೆ.

ಆ ತೇಜಸ್ಸು ನಮ್ಮ ಗದ್ದೆಗಳ ವರೆಗೆ ಬಂತೆ? ಇದಕ್ಕೆ ಉತ್ತರವನ್ನು ಇನ್ನೊಂದು ಶಬ್ದವು ಕೊಡುತ್ತದೆ. ಜೀವನಕ್ಕಾಗಿ ಬಿಟ್ಟ ಭೂಮಿಗೂ ವೇತನಕ್ಕೂ ಹಿಂದೆ ‘ಜೀವಿತ’ವೆಂದು ಹೆಸರು. ಅದರ ತದ್ಭವವೇ ‘ಜೀತ’. ಮೊದಲಲ್ಲಿ ಜೀತವೆಂದರೆ ಸಂಬಳವೇ; ಕೀಳಾದ ಅರ್ಥವೇನೂ ಅದಕ್ಕಿರಲಿಲ್ಲ. ಮುಂಗಡವಾಗಿ ಕೊಟ್ಟ ಹಣ, ತೀರದ ಬಡ್ಡಿ, ತಂದೆಯ ಸಾಲಕ್ಕೆ ಮಗನ ದುಡಿಮೆ ಇವುಗಳ ನಡುವೆ ಸಿಲುಕಿ, ಕೂಲಿಯ ಹೆಸರೇ ಬಂಧನದ ಹೆಸರಾಯಿತು. ಜೀತಪದ್ಧತಿಯನ್ನು ಭಾರತದಲ್ಲೆಲ್ಲ ರದ್ದುಮಾಡುವ ಕಾನೂನು ಬರಲು ೧೯೭೬ನೆಯ ಇಸವಿಯಾಗಬೇಕಾಯಿತು. ಸಾಲದ ದಾಸನು ಸಾಲ ತೀರಿಸಿದರೆ ಬಿಡುಗಡೆ ಹೊಂದುವನೆಂದು ಸ್ಮೃತಿಯು ಹೇಳಿತ್ತು. ಆದರೆ ಲೆಕ್ಕದ ಪುಸ್ತಕವು ಒಡೆಯನ ಪೆಟ್ಟಿಗೆಯಲ್ಲಿರುವ ವರೆಗೆ ಸಾಲವು ತೀರಿತೆಂದು ಹೇಳುವವರಾರು?

ಅಳತೆಯ ಮಾತು ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿಯ ರೈತರು ಎದ್ದುನಿಂತುದು ಒಂದು ಕೊಳಗಕ್ಕಾಗಿ. ಗೇಣಿಯ ಬತ್ತವನ್ನು ಅಳೆದುಕೊಳ್ಳುವ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದೆಂಬುದು ಅವರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೇ ಮೊದಲಾದ ಸಮಾಜವಾದಿಗಳು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮುಂದೆ ೧೯೭೪ರ ಭೂಸುಧಾರಣೆಯ ಕಾನೂನು ಗೇಣಿಯ ಪದ್ಧತಿಯನ್ನೇ ತೆಗೆದುಹಾಕಿತು. ಐಗುಪ್ತದ ಶಿಲ್ಪಿಗಳು ಹತ್ಯಾರುಗಳನ್ನು ಕೆಳಗಿಟ್ಟ ಮೂರು ಸಾವಿರ ವರ್ಷಗಳ ಮೇಲೆ, ನಮ್ಮ ಮಳೆನಾಡಿನ ಅಂಗಳದಲ್ಲಿ ಕೇಳಿಬಂದ ಪ್ರಶ್ನೆಯು ಅದೇ ಆಗಿತ್ತು: ಎಷ್ಟು, ಮತ್ತು ಅಳೆಯುವವರಾರು?

ಆದುದರಿಂದ ಸಿದ್ಧಾಂತವನ್ನು ಹೀಗೆ ಹೇಳಬಹುದಾಗಿದೆ. ಕೂಲಿಯಿದ್ದ ಮಾತ್ರದಿಂದ ದುಡಿಯುವವನು ಸ್ವತಂತ್ರನಲ್ಲ. ಮಾತು ಮೊದಲೇ ಆಗಿರಬೇಕು. ಅಳತೆಯು ಇಬ್ಬರಿಗೂ ಒಂದೇ ಆಗಿರಬೇಕು. ಕೆಲಸ ಬಿಟ್ಟು ಹೋಗುವ ದಾರಿಯು ತೆರೆದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವೇತನವು ಹಗ್ಗವಾಗುತ್ತದೆ. ಪ್ರಾಚೀನರಿಗೆ ಇದು ತಿಳಿಯದೆ ಇರಲಿಲ್ಲ; ಅವರ ಶಾಸ್ತ್ರಗಳಲ್ಲಿಯೇ ಮೂರೂ ಇವೆ. ಎಲ್ಲರಿಗೂ ಅವು ಸಲ್ಲಬೇಕೆಂದು ಮಾತ್ರ ಅವರಿಗೆ ತೋರಲಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಹಿತ್ತಾಳೆಯ ಕಟ್ಟು ಹಾಕಿದ ಕೊಳಗಗಳು ಇನ್ನೂ ಕೆಲವು ಉಳಿದಿವೆ. ಹಬ್ಬದ ದಿನ ಅವುಗಳನ್ನು ತೊಳೆದು ಕುಂಕುಮವಿಟ್ಟು ಪೂಜಿಸುವುದೂ ಉಂಟು. ಪೂಜಿಸಲಿ, ಬೇಡವೆನ್ನುವುದಿಲ್ಲ. ಆದರೆ ಈ ಲೇಖನವನ್ನು ಓದಿದ ಗೃಹಸ್ಥರು ಮುಂದಿನ ಹಬ್ಬಕ್ಕೆ ಕೊಳಗವನ್ನು ಇಳಿಸಿದಾಗ ಒಂದು ಸೇರನ್ನು ಹಿಡಿದು ಅದನ್ನು ಅಳೆದು ನೋಡಲಿ. ಸರಿಯಾಗಿದ್ದರೆ ಹಿರಿಯರಿಗೆ ಕೈಮುಗಿಯಲಿ. ಹೆಚ್ಚು ಹಿಡಿದರೆ, ಆ ಹೆಚ್ಚು ಯಾರದೆಂಬುದನ್ನು ಮಕ್ಕಳಿಗೆ ಹೇಳಲಿ. ಪಾಣಿನಿಯು ಹೇಳಿದ ಆ ಒಂದು ಮಾತ್ರೆಯು ಅಲ್ಲಿಯೇ ಇದ್ದರೂ ಇರಬಹುದು.